ಎದುರಾಳಿಯನ್ನು ತಾನೇ ಆರಿಸಿಕೊಳ್ಳುವ ಚಾಂಪಿಯನ್

ವಯನಾಡಿನಲ್ಲಿ ಆಟದ ಮಾತಿಗೆ ಎಂದೂ ಬರವಿಲ್ಲ. ಬತ್ತೇರಿಯ ಚಹಾದಂಗಡಿಯಿರಲಿ, ಮಾನಂದವಾಡಿಯ ಬಸ್ ನಿಲ್ದಾಣವಿರಲಿ, ನಾಲ್ಕು ಜನ ಸೇರಿದರೆ ಫುಟ್‌ಬಾಲು, ಕ್ರಿಕೆಟ್ಟು ಬಂದೇ ಬರುತ್ತವೆ. ಗಡಿಯಾಚೆಯ ಗುಂಡ್ಲುಪೇಟೆ, ಎಚ್.ಡಿ. ಕೋಟೆ ಕಡೆಯವರು ಸೇರಿಕೊಂಡರೆ ಕನ್ನಡ, ಮಲಯಾಳ ಎರಡೂ ಬೆರೆತು ವಾದ ಇನ್ನಷ್ಟು ರಂಗೇರುತ್ತದೆ. ಮೊಬೈಲಿನ ಕೃಪೆಯಿಂದ ಈಗ ಬಾಕ್ಸಿಂಗ್ ಕೂಡ ಈ ಹರಟೆಗೆ ಸೇರಿಕೊಂಡಿದೆ. ಅಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆ ಒಂದೇ: ಈ ಚಾಂಪಿಯನ್ ನಿಜವಾದ ಎದುರಾಳಿಯೊಡನೆ ಕಾದಾಡುತ್ತಾನೋ, ಸುಲಭದವರನ್ನು ಹುಡುಕಿ ಹೊಡೆಯುತ್ತಾನೋ?

ಬೇರೆ ಆಟಗಳಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. 2019ರ ಜನವರಿಯಲ್ಲಿ ನಮ್ಮ ಕೃಷ್ಣಗಿರಿ ಮೈದಾನದಲ್ಲಿ ಕೇರಳ ತಂಡ ಗುಜರಾತನ್ನು 113 ರನ್ನುಗಳಿಂದ ಸೋಲಿಸಿ ಮೊದಲ ಬಾರಿಗೆ ರಣಜಿ ಸೆಮಿಫೈನಲ್ ಸೇರಿತು. ಅದೇ ಮೈದಾನದಲ್ಲಿ ಮುಂದಿನ ಎದುರಾಳಿ ಹಾಲಿ ಚಾಂಪಿಯನ್ ವಿದರ್ಭ. ‘ಇವರು ಬೇಡ, ಬೇರೆಯವರನ್ನು ಕೊಡಿ’ ಎನ್ನುವಂತಿರಲಿಲ್ಲ. ಉಮೇಶ್ ಯಾದವ್ ಬೌಲಿಂಗಿಗೆ ಸಿಕ್ಕಿ ಕೇರಳ 106 ಮತ್ತು 91ಕ್ಕೆ ಮುಗಿದು, ಎರಡೇ ದಿನದಲ್ಲಿ ಇನ್ನಿಂಗ್ಸ್ ಸೋಲು ಕಂಡಿತು. ಒಲಿಂಪಿಕ್ಸ್, ವಿಶ್ವಕೂಟದಂಥ ಬಾಕ್ಸಿಂಗ್‌ನಲ್ಲೂ ಚೀಟಿ ಎತ್ತಿದಂತೆ ಎದುರಾಳಿ ಬರುತ್ತಾನೆ. ನೆರೆಯ ಕಣ್ಣೂರಿನ ಕೆ.ಸಿ. ಲೇಖಾ 2006ರಲ್ಲಿ ದೆಹಲಿಯಲ್ಲಿ 75 ಕಿಲೋ ವಿಭಾಗದ ವಿಶ್ವ ಚಾಂಪಿಯನ್ ಆದದ್ದು ಹೀಗೆ ಬಂದವರನ್ನು ಎದುರಿಸಿಯೇ.

ವೃತ್ತಿಪರ ಬಾಕ್ಸಿಂಗ್ ಮಾತ್ರ ಬೇರೆ. ಅಲ್ಲಿ ಪಂದ್ಯವೆಂದರೆ ಒಂದು ವ್ಯವಹಾರ. ಇಬ್ಬರು ಬಾಕ್ಸರುಗಳು, ಅವರ ವ್ಯವಸ್ಥಾಪಕರು, ಟಿವಿ ಸಂಸ್ಥೆಗಳು ಕೂತು ಹಣ, ಜಾಗ, ದಿನ ಎಲ್ಲವನ್ನೂ ಮಾತಾಡಿ ಕರಾರು ಮಾಡಿಕೊಳ್ಳಬೇಕು. ಪಟ್ಟ ಕೊಡುವ ಸಂಸ್ಥೆಗಳೇ ನಾಲ್ಕು. ಅವು ಆಗಾಗ ‘ಇವನೊಡನೆ ಆಡಲೇಬೇಕು’ ಎಂದು ಕಡ್ಡಾಯ ಎದುರಾಳಿಯನ್ನು ಹೆಸರಿಸಿದರೂ, ಉಳಿದ ಪಂದ್ಯಗಳಲ್ಲಿ ಚಾಂಪಿಯನ್ನನ ಮಾತೇ ನಡೆಯುವುದು ಹೆಚ್ಚು. ಒಂದು ಸೋಲಿಗೆ ಅವನ ಬೆಲೆ ಇಳಿಯುತ್ತದೆ. ಆದ್ದರಿಂದ ಆರಿಸಿಕೊಳ್ಳುವ ಆಸೆ ಸಹಜ.

ಫ್ಲಾಯ್ಡ್ ಮೇವೆದರ್ ಮತ್ತು ಮ್ಯಾನಿ ಪಕಿಯಾವೊ ಪಂದ್ಯಕ್ಕೆ ಜಗತ್ತು ಐದು ವರ್ಷ ಕಾಯಿತು. ಅದು 2015ರ ಮೇ ತಿಂಗಳಲ್ಲಿ ನಡೆದಾಗ ಇಬ್ಬರಿಗೂ ವಯಸ್ಸಾಗಿತ್ತು. ಮೇವೆದರ್ ಗೆದ್ದ. ‘ಮೊದಲೇ ಆಡಿದ್ದರೆ?’ ಎಂಬ ವಾದ ಇಂದಿಗೂ ಮುಗಿದಿಲ್ಲ. ಆತನ ಐವತ್ತನೆಯ ಗೆಲುವು 2017ರಲ್ಲಿ ಬಂದದ್ದು ಅದುವರೆಗೆ ಒಂದೂ ವೃತ್ತಿಪರ ಬಾಕ್ಸಿಂಗ್ ಪಂದ್ಯ ಆಡಿರದ ಕಾನರ್ ಮೆಕ್‌ಗ್ರೆಗರ್ ಎದುರು. ಸೋಲೇ ಇಲ್ಲದ ಐವತ್ತು ಎಂದು ಕೆಲವರು ಹೊಗಳಿದರೆ, ಕೊನೆಯದನ್ನು ಲೆಕ್ಕಕ್ಕೆ ಹಿಡಿಯುವುದು ಹೇಗೆ ಎಂದು ಕೆಲವರು ಕೇಳುತ್ತಾರೆ. ನಮ್ಮ ವಿಜೇಂದರ್ ಸಿಂಗ್ 2015ರಲ್ಲಿ ವೃತ್ತಿಪರನಾಗಿ ಸತತ 12 ಪಂದ್ಯ ಗೆದ್ದಾಗಲೂ ಎದುರಾಳಿಗಳ ಮಟ್ಟದ ಬಗ್ಗೆ ಇಂಥದೇ ಮಾತು ಎದ್ದಿತ್ತು. 2021ರಲ್ಲಿ ಗೋವಾದಲ್ಲಿ ರಷ್ಯಾದ ಆರ್ಟಿಶ್ ಲೋಪ್ಸನ್ ಆ ಸರಪಣಿ ಕಡಿದ.

ಆದರೆ ಸುಲಭದವನು ಎಂದು ಹೊರಗಿನಿಂದ ಹೇಳುವುದು ಅಷ್ಟು ಸುಲಭವಲ್ಲ. 1941ರ ಸುಮಾರಿಗೆ ಜೋ ಲೂಯಿಸ್ ಹೆಚ್ಚುಕಡಿಮೆ ತಿಂಗಳಿಗೊಬ್ಬರಂತೆ ಎದುರಾಳಿಗಳನ್ನು ಮುಗಿಸುತ್ತಿದ್ದಾಗ, ‘ತಿಂಗಳಿಗೊಬ್ಬ ಅಬ್ಬೇಪಾರಿ’ ಎಂಬ ಅರ್ಥದಲ್ಲಿ ಪತ್ರಿಕೆಗಳು ಗೇಲಿ ಮಾಡಿದವು. ಅದೇ ಜೂನಿನಲ್ಲಿ ತನಗಿಂತ ಹಗುರನಾದ ಬಿಲ್ಲಿ ಕಾನ್ ಎದುರು ಲೂಯಿಸ್ ಸೋಲಿನ ಅಂಚಿಗೆ ಬಂದಿದ್ದ. ಹದಿಮೂರನೆಯ ಸುತ್ತಿನಲ್ಲಿ ಕೆಡವಿ ಉಳಿದುಕೊಂಡ.

ಈ ವಾದದಲ್ಲಿ ನಮ್ಮನ್ನು ಹೆಚ್ಚು ಕಾಡುವವನು ಆರಿಸಿಕೊಳ್ಳುವವನಲ್ಲ, ಆರಿಸಲ್ಪಡದೆ ಉಳಿದವನು. ಹ್ಯಾರಿ ವಿಲ್ಸ್ ಎಂಬ ಕಪ್ಪು ಬಾಕ್ಸರ್ 1920ರ ದಶಕದಲ್ಲಿ ಜಾಕ್ ಡೆಂಪ್ಸಿಯ ಪಟ್ಟಕ್ಕೆ ಮೊದಲ ಹಕ್ಕುದಾರನಾಗಿದ್ದ. ವರ್ಷಗಟ್ಟಲೆ ಕಾದ. ಪಂದ್ಯ ನಡೆಯಲೇ ಇಲ್ಲ. ಹಿಂಜರಿದವನು ಡೆಂಪ್ಸಿಯೋ, ವ್ಯವಸ್ಥಾಪಕರೋ, ಆ ಕಾಲದ ವರ್ಣಭೇದವೋ ಎಂದು ಚರ್ಚಿಸಬಹುದು. ವಿಲ್ಸ್‌ನ ಯೌವನವಂತೂ ಮರಳಿ ಬರಲಿಲ್ಲ.

ನಮ್ಮ ದೇಶದಲ್ಲೂ 2019ರಲ್ಲಿ ಇದಕ್ಕೆ ಹತ್ತಿರದ ಪ್ರಸಂಗ ನಡೆಯಿತು. ಆರು ಬಾರಿ ವಿಶ್ವ ಚಾಂಪಿಯನ್ ಆದ ಮೇರಿ ಕೋಮ್ ಅವರನ್ನು ಆಯ್ಕೆ ಪಂದ್ಯವಿಲ್ಲದೆ ವಿಶ್ವಕೂಟಕ್ಕೆ ಕಳಿಸಲಾಯಿತು. ಒಲಿಂಪಿಕ್ ಅರ್ಹತಾ ಕೂಟಕ್ಕೂ ಹಾಗೆಯೇ ಆಗಬಹುದೆಂಬ ಮಾತು ಬಂದಾಗ, ಕಿರಿಯಳಾದ ನಿಖತ್ ಜರೀನ್ ಕ್ರೀಡಾ ಸಚಿವರಿಗೆ ಪತ್ರ ಬರೆದು ಒಂದು ನ್ಯಾಯವಾದ ಅವಕಾಶ ಕೇಳಿದರು. ಅಷ್ಟು ಪದಕ ತಂದವರನ್ನು ಪರೀಕ್ಷಿಸುವುದೇ ಎಂದು ಕೆಲವರು, ಅಂಗಳದಲ್ಲಿ ಹಿರಿಮೆ ಇಲ್ಲ ಎಂದು ಕೆಲವರು. ಡಿಸೆಂಬರ್ 28ರಂದು ದೆಹಲಿಯಲ್ಲಿ ಪಂದ್ಯ ನಡೆಯಿತು. ಮೇರಿ 9-1ರಿಂದ ಗೆದ್ದರು. ಹಾಗಾದರೆ ನಿಖತ್ ಕೇಳಿದ್ದು ವ್ಯರ್ಥವೇ? ಅಲ್ಲ. ಸೋತವರಿಗೆ ತಾವು ಎಲ್ಲಿ ನಿಂತಿದ್ದೇವೆಂದು ತಿಳಿಯಿತು, ಗೆದ್ದವರ ಸ್ಥಾನವನ್ನು ಯಾರೂ ಪ್ರಶ್ನಿಸದಂತಾಯಿತು. 2022ರಲ್ಲಿ ಇಸ್ತಾಂಬುಲ್‌ನಲ್ಲಿ, 2023ರಲ್ಲಿ ದೆಹಲಿಯಲ್ಲಿ ನಿಖತ್ ತಾವೇ ವಿಶ್ವ ಚಾಂಪಿಯನ್ ಆದರು.

ಇನ್ನೊಂದು ಮುಖವನ್ನೂ ನೋಡಬೇಕು. ಮುಹಮ್ಮದ್ ಅಲಿ ಯಾರಿಗೂ ಬೆನ್ನು ತೋರಿಸಿದವನಲ್ಲ. ಫ್ರೇಜಿಯರ್, ಫೋರ್‌ಮನ್, ನಾರ್ಟನ್ ಎಲ್ಲರನ್ನೂ ಎದುರಿಸಿದ. 1980ರಲ್ಲಿ, 38ನೆಯ ವಯಸ್ಸಿನಲ್ಲಿ, ನಿವೃತ್ತಿಯಿಂದ ಮರಳಿ ಲ್ಯಾರಿ ಹೋಮ್ಸ್ ಎದುರು ನಿಂತ. ಹತ್ತು ಸುತ್ತು ಪೆಟ್ಟು ತಿಂದ ಮೇಲೆ ಅವನ ತರಬೇತುದಾರನೇ ಪಂದ್ಯ ನಿಲ್ಲಿಸಬೇಕಾಯಿತು. 1984ರಲ್ಲಿ ಪಾರ್ಕಿನ್ಸನ್ ರೋಗಲಕ್ಷಣ ಪತ್ತೆಯಾಯಿತು. 1989ರಲ್ಲಿ ಎಂ.ಇ.ಎಸ್. ಸಂಸ್ಥೆಯ ಬೆಳ್ಳಿಹಬ್ಬಕ್ಕೆ ನಮ್ಮ ಘಟ್ಟದ ಕೆಳಗಿನ ಕಲ್ಲಿಕೋಟೆಗೆ ಬಂದದ್ದು ಆ ಕಾಯಿಲೆಯೊಡನೆ ಬದುಕುತ್ತಿದ್ದ ಅಲಿ. ‘ಆಡು, ಹೆದರಬೇಡ’ ಎಂದು ಕೂಗುವುದು ಸುಲಭ. ಕೂಗುವವರ ತಲೆಗೆ ಪೆಟ್ಟು ಬೀಳುವುದಿಲ್ಲ. ಅಳತೆ ಮೀರಿದ ಎದುರಾಳಿ ಬೇಡ ಎನ್ನುವುದು ಎಲ್ಲ ಸಲವೂ ಹೇಡಿತನವಲ್ಲ.

ಹಾಗಾದರೆ ಗೆರೆ ಎಲ್ಲಿ? ನಮಗೆ ತೋರುವುದು ಇಷ್ಟು. ದೇಹ ಉಳಿಸಿಕೊಳ್ಳಲು ದೂರ ಸರಿಯುವುದು ಬೇರೆ, ಹೆಸರು ಉಳಿಸಿಕೊಳ್ಳಲು ಇನ್ನೊಬ್ಬನ ದಾರಿ ತಡೆಯುವುದು ಬೇರೆ. ಆಡಲು ಆಗದಿದ್ದರೆ ಪಟ್ಟ ಬಿಟ್ಟುಕೊಡಬಹುದು. ಪಟ್ಟವನ್ನೂ ಬಿಡದೆ, ಆಟವನ್ನೂ ಆಡದೆ ಕೂತರೆ ಬಾಗಿಲ ಹೊರಗೆ ನಿಂತವನಿಗೆ ಅನ್ಯಾಯ.

ಈ ಮಾತು ಬಾಕ್ಸಿಂಗ್ ಅಂಗಳಕ್ಕಷ್ಟೇ ಸೇರಿದ್ದಲ್ಲ. ನಮ್ಮ ಸಂಘ, ಸಮಿತಿ, ಗಾಯನ ಮಂಡಳಿಗಳಲ್ಲಿ ಹದಿನೈದು ವರ್ಷದಿಂದ ಒಬ್ಬರೇ ಮುಂದೆ ನಿಂತಿದ್ದರೆ ಹಿಂದೆ ಕಾಯುತ್ತಿರುವ ಕಿರಿಯರು ಯಾರು ಎಂದು ಕೇಳಿಕೊಳ್ಳಬೇಕು. ಮನೆಯಲ್ಲಿ ಮಗ ತನಗಿಂತ ಚಿಕ್ಕವರೊಡನೆಯೇ ಆಡಿ ಗೆದ್ದು ಬರುತ್ತಿದ್ದರೆ ಬೆನ್ನು ತಟ್ಟುವ ಮೊದಲು ಒಂದು ಮಾತು ಕೇಳಬೇಕು. ಮಾನಂದವಾಡಿ ಬಳಿಯ ಮಿನ್ನು ಮಣಿ ಭತ್ತದ ಗದ್ದೆಯಲ್ಲಿ ಹುಡುಗರೊಡನೆ ಆಡಿ ಕ್ರಿಕೆಟ್ ಕಲಿತವರು. 2023ರ ಜುಲೈಯಲ್ಲಿ ಭಾರತ ತಂಡಕ್ಕೆ ಆಡಿದರು. ಗದ್ದೆಯಲ್ಲಿ ಎಷ್ಟು ಸಲ ಔಟಾದರೋ ಯಾರೂ ಲೆಕ್ಕವಿಟ್ಟಿಲ್ಲ. ಆ ಸೋಲುಗಳೇ ಅವರ ಬಂಡವಾಳ.

ನಮ್ಮ ಮಕ್ಕಳಿಗೂ ತುಸು ಗಟ್ಟಿಯಾದ ಎದುರಾಳಿ ಸಿಗಲಿ. ಸೋತು ಬಂದ ದಿನ ಬಿಸಿ ಊಟ ಬಡಿಸಿ, ನಾಳೆ ಮತ್ತೆ ಹೋಗು ಎನ್ನುವ ಮನೆಯೂ ಇರಲಿ.