ಎಲ್ಲಿ ನಿಂತು ನೋಡಿದಿರಿ?

ಮೂರು ದಶಕಗಳಿಗೂ ಮಿಕ್ಕಿ ಕೂಡ್ಲಿಗಿ ಸೀಮೆಯ ಶಾಲೆಗಳಲ್ಲಿ ಕನ್ನಡ ಪಾಠ ಹೇಳಿದವನು ನಾನು. ಅಷ್ಟು ವರ್ಷಗಳಲ್ಲಿ ತಿದ್ದಿದ ಪ್ರಬಂಧಗಳ ಲೆಕ್ಕವನ್ನು ಇಟ್ಟಿಲ್ಲ. ಆದರೆ ಆ ಪ್ರಬಂಧಗಳಲ್ಲಿ ಹರಿದ ಹೊಳೆಗಳನ್ನು ನೆನೆದರೆ ಇಂದಿಗೂ ಬೆರಗಾಗುತ್ತದೆ. ‘ನಮ್ಮ ಊರು’ ಎಂದು ವಿಷಯ ಕೊಟ್ಟರೆ ಸಾಕು, ನಲವತ್ತು ಮಕ್ಕಳಲ್ಲಿ ಮೂವತ್ತು ಮಂದಿಯ ಊರ ಮುಂದೆ ತುಂಬಿದ ಹೊಳೆ ಹರಿಯುತ್ತಿತ್ತು. ಹೊಳೆಯ ದಡದಲ್ಲಿ ತೆಂಗಿನ ತೋಟವಿರುತ್ತಿತ್ತು. ತೋಟದಾಚೆ ಹಸಿರು ಭತ್ತದ ಗದ್ದೆ. ಹೂವಿನ ಹಡಗಲಿಯ ಕಡೆ ತುಂಗಭದ್ರೆಯ ದಡದ ಹಳ್ಳಿಗಳಿಗಾದರೆ ಈ ಮಾತು ಒಪ್ಪೀತು. ಜೋಳ, ಶೇಂಗಾ ಬಿತ್ತಿ ಮುಗಿಲು ನೋಡುವ ನಮ್ಮ ಒಣಸೀಮೆಗೆ ಈ ಹೊಳೆ ಎಲ್ಲಿಂದ ಬಂತು? ಗೈಡಿನಿಂದ ಬಂತು. ಮಕ್ಕಳು ತಮ್ಮ ಊರನ್ನು ಕುರಿತು ಬರೆಯುವಾಗ ತಮ್ಮ ಊರೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಬರೆಯುತ್ತಿದ್ದರು.

ಹೀಗಾಗುವುದಕ್ಕೆ ಮಕ್ಕಳ ಸೋಮಾರಿತನವೇ ಕಾರಣವೆಂದು ಬಹುಕಾಲ ನಂಬಿದ್ದೆ. ಆಮೇಲೆ ತಿಳಿಯಿತು, ತಪ್ಪು ನಮ್ಮದು. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ತಲೆಬರಹಗಳನ್ನು ಕೊಟ್ಟು ನಾವು ಕೈತೊಳೆದುಕೊಂಡಿದ್ದೆವು. ಕಣ್ಣಮುಂದೆ ಇರುವ ಒಂದು ಸ್ಥಳವನ್ನು ಎಲ್ಲಿಂದ ನೋಡಲು ತೊಡಗಬೇಕು, ಅಲ್ಲಿಂದ ಯಾವ ಕಡೆಗೆ ಸಾಗಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ದಾರಿ ತಿಳಿಯದ ಮಗು ಗೈಡಿನ ಕೈ ಹಿಡಿಯದೆ ಏನು ಮಾಡೀತು?

ಒಮ್ಮೆ ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯಕ್ಕೆ ಮಕ್ಕಳನ್ನು ಕರೆದೊಯ್ದಿದ್ದೆವು. ಕಲ್ಯಾಣ ಚಾಲುಕ್ಯರ ಕಾಲದ ಕೆತ್ತನೆಗೆ ಹೆಸರಾದ ಗುಡಿ ಅದು. ಮರುದಿನ ಮಕ್ಕಳು ಬರೆದ ವರ್ಣನೆಗಳಲ್ಲಿ ಲಿಂಗದ ಪಕ್ಕದಲ್ಲಿ ಬಸ್ಸು ನಿಂತಿತ್ತು. ಕಂಬಗಳ ನಡುವೆ ಚಿತ್ರಾನ್ನವಿತ್ತು. ಮತ್ತೆ ಹೊರಗಿನ ಗೋಡೆ, ಮತ್ತೆ ಒಳಗಿನ ಕತ್ತಲೆ. ಎಲ್ಲವೂ ನಿಜ, ಆದರೆ ಯಾವುದೂ ಅದರ ಜಾಗದಲ್ಲಿ ಇರಲಿಲ್ಲ. ಆಗ ಕರಿಹಲಗೆಯ ಮೇಲೆ ಗುಡಿಯ ನೆಲದ ನಕ್ಷೆ ಬರೆದು ಹೇಳಿದೆ: “ಮಂಟಪದ ಮೆಟ್ಟಿಲ ಬಳಿ ನಿಲ್ಲಿರಿ. ಈಗ ಒಂದೊಂದೇ ಹೆಜ್ಜೆ ಒಳಗೆ ಬನ್ನಿರಿ. ಕಂಡದ್ದನ್ನು ಕಂಡ ಸಾಲಿನಲ್ಲೇ ಹೇಳಿರಿ.” ಬಿಸಿಲಿನ ಮಂಟಪ, ನೆರಳಿನ ಸಭಾಮಂಟಪ, ಮಬ್ಬಿನ ಅಂತರಾಳ, ಕತ್ತಲೆಯ ಗರ್ಭಗುಡಿ, ಕಡೆಗೆ ಒಂದು ದೀಪ. ಹೊಸ ಪದವೊಂದನ್ನೂ ಕಲಿಸಿರಲಿಲ್ಲ. ಮಕ್ಕಳ ಅದೇ ಮಾತುಗಳು ಸಾಲಾಗಿ ನಿಂತೊಡನೆ ಗುಡಿ ಕಣ್ಣಿಗೆ ಕಟ್ಟಿತು. ಶಿಲ್ಪಿ ಬೆಳಕಿನಿಂದ ಕತ್ತಲೆಗೆ ಹಾಕಿಕೊಟ್ಟ ದಾರಿಯನ್ನೇ ವಾಕ್ಯಗಳೂ ಹಿಡಿದಿದ್ದವು. ಅಂದಿನಿಂದ ಇದನ್ನು ನಾನು ‘ಸ್ಥಳಕ್ರಮ’ ಎಂದು ಕರೆಯತೊಡಗಿದೆ.

ಇದು ಎಲ್ಲಿಂದಲೋ ಬಂದ ಹೊಸ ಪಾಠವೆಂದು ಭಾವಿಸಬೇಕಿಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡನಾಡನ್ನು ಹೇಗೆ ತೋರಿಸುತ್ತದೆ ನೋಡಿರಿ. ಮೊದಲು ಕಾವೇರಿಯಿಂದ ಗೋದಾವರಿಯವರೆಗಿನ ವಿಸ್ತಾರ. ಆಮೇಲೆ ಅದರ ಒಳನಾಡು: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ತಿರುಳುಗನ್ನಡದ ನೆಲ. ಕಿಸುವೊಳಲು ಇಂದಿನ ಪಟ್ಟದಕಲ್ಲು, ಪುಲಿಗೆರೆ ಇಂದಿನ ಲಕ್ಷ್ಮೇಶ್ವರ. ಕೊಪಣ ಇಂದಿನ ಕೊಪ್ಪಳ, ನಮಗೆ ತುಂಗಭದ್ರೆಯ ಆಚೆ ದಡದ ನೆರೆಯೂರು. ಹೊರಗಿನಿಂದ ಒಳಕ್ಕೆ, ಹಿರಿದರಿಂದ ಕಿರಿದಕ್ಕೆ. ಭೂಪಟವಿಲ್ಲದ ಓದುಗನ ಮನಸ್ಸಿನಲ್ಲಿ ಭೂಪಟ ಮೂಡಿಸುವ ಉಪಾಯವಿದು.

ಕಾವ್ಯಸಂಪ್ರದಾಯದಲ್ಲಿ ಇನ್ನೂ ಒಂದು ಕಟ್ಟಳೆಯಿದೆ. ಮನುಷ್ಯರ ರೂಪವನ್ನು ಮುಡಿಯಿಂದ ಅಡಿಯವರೆಗೆ ವರ್ಣಿಸಬೇಕು. ದೇವತೆಗಳ ರೂಪವನ್ನು ಅಡಿಯಿಂದ ಮುಡಿಯವರೆಗೆ. ಕಾರಣ ಸರಳವಾದುದು. ಎದುರಿಗೆ ಬಂದ ಮನುಷ್ಯನ ಮುಖವನ್ನು ಮೊದಲು ನೋಡುತ್ತೇವೆ. ದೇವರ ಮುಂದೆ ತಲೆಬಾಗಿದವನಿಗೆ ಮೊದಲು ಕಾಣುವುದು ಪಾದ. ಕ್ರಮ ಬದಲಾದರೆ ನೋಡುವವನ ನಿಲುವೇ ಬದಲಾಗುತ್ತದೆ ಎಂಬುದನ್ನು ಹಿರಿಯರು ಅರಿತಿದ್ದರು.

ಕಾವ್ಯದ ಮಾತು ಹಾಗಿರಲಿ, ನೆಲದ ವ್ಯವಹಾರಕ್ಕೆ ಬರೋಣ. ಭೂದಾನದ ಶಾಸನಗಳಲ್ಲಿ ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ಪ್ರದಕ್ಷಿಣೆಯ ಸಾಲಿನಲ್ಲಿ ಎಲ್ಲೆಗಳನ್ನು ಹೇಳುವುದುಂಟು. ಅಲ್ಲೊಂದು ಹುತ್ತ, ಇಲ್ಲೊಂದು ಆಲದ ಮರ, ಮುಂದೆ ಹಳ್ಳ, ಆಚೆಗೆ ಲಿಂಗಮುದ್ರೆಯ ಕಲ್ಲು. ಓದುತ್ತ ಹೋದರೆ ಆ ಹೊಲದ ಸುತ್ತ ನಾವೇ ನಡೆದು ಬಂದಂತಾಗುತ್ತದೆ. ಇಂದಿನ ಕ್ರಯಪತ್ರದ ಚಕ್ಕುಬಂದಿಯಲ್ಲಿ ಸಾಮಾನ್ಯವಾಗಿ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದಿರುತ್ತದೆ. ಅದನ್ನು ಓದುವವನು ಹೊಲದ ನಡುವೆ ನಿಂತು ನಾಲ್ಕು ಕಡೆ ತಿರುಗಿ ನೋಡುತ್ತಾನೆ. ಒಬ್ಬ ನಡೆಯುತ್ತಾನೆ, ಒಬ್ಬ ನಿಂತು ತಿರುಗುತ್ತಾನೆ. ಎರಡೂ ಸರಿಯೇ. ಆದರೆ ನಡೆಯುವುದೋ ನಿಲ್ಲುವುದೋ ಎಂದು ಮೊದಲೇ ತೀರ್ಮಾನಿಸದೆ ಬರೆದರೆ ಗಟ್ಟಿ ಬದುವೂ ಜಗಳಕ್ಕೆ ದಾರಿಯಾಗುತ್ತದೆ.

ದಿಕ್ಕಿನ ಮಾತು ಬಂದುದರಿಂದ ಇನ್ನೊಂದು ನೆನಪು. 2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ಶ್ರೀ ಗುರು ಬಸವೇಶ್ವರ ಸ್ವಾಮಿಯ ರಥೋತ್ಸವದ ದಿನ ತೇರು ಉರುಳಿಬಿದ್ದುದು ಎಲ್ಲರಿಗೂ ನೆನಪಿರಬಹುದು. ಜಾತ್ರೆಗೆ ಹೋಗಿದ್ದ ನನ್ನ ನೆರೆಯವರಿಬ್ಬರು ಮರುದಿನ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ವಾದಿಸುತ್ತಿದ್ದರು. “ತೇರು ಬಲಕ್ಕ ವಾಲ್ತು” ಎಂದರು ಒಬ್ಬರು. “ಇಲ್ಲರೀ, ಎಡಕ್ಕ. ನಾನು ಕಣ್ಣಾರೆ ನೋಡೀನಿ” ಎಂದರು ಇನ್ನೊಬ್ಬರು. ವಿಚಾರಿಸಿದರೆ, ಒಬ್ಬರು ತೇರಿನ ಮುಂದೆ ಇದ್ದವರು, ಇನ್ನೊಬ್ಬರು ಹಿಂದೆ ಇದ್ದವರು. ಇಬ್ಬರೂ ಸುಳ್ಳು ಹೇಳಿರಲಿಲ್ಲ; ಎಲ್ಲಿ ನಿಂತಿದ್ದೆವೆಂಬುದನ್ನು ಮಾತ್ರ ಹೇಳಿರಲಿಲ್ಲ. ಎಡ ಬಲಗಳು ನೋಡುವವನ ಜೊತೆ ತಿರುಗುತ್ತವೆ. ಮೂಡಣ ಪಡುವಣಗಳು ತಿರುಗುವುದಿಲ್ಲ. ಸೂರ್ಯ ಮೂಡುವ ಕಡೆ ಮೂಡಣ, ಪಡುವ ಕಡೆ ಪಡುವಣ. ಹಳ್ಳಿಯ ಹಿರಿಯರು ‘ಮೂಡಲ ಹೊಲ’, ‘ಬಡಗಲ ಓಣಿ’ ಎನ್ನುವುದರಲ್ಲಿ ಇಂಥ ಜಾಣ್ಮೆಯಿದೆ.

ಇಷ್ಟು ಹೇಳಿದ ಮೇಲೆ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಅದಿಲ್ಲದಿದ್ದರೆ ಈ ಬರಹ ಅರೆಯಾಗುತ್ತದೆ.

ಸ್ಥಳಕ್ರಮದ ಹುಮ್ಮಸ್ಸಿನಲ್ಲಿದ್ದ ದಿನಗಳವು. ‘ನಮ್ಮ ಮನೆ’ ಎಂಬ ವಿಷಯ ಕೊಟ್ಟು, ಹೊರಗಿನಿಂದ ಒಳಕ್ಕೆ ಬರಬೇಕೆಂದು ಕಟ್ಟಪ್ಪಣೆ ಮಾಡಿದ್ದೆ. ಬೀದಿ, ಕಟ್ಟೆ, ತಲೆಬಾಗಿಲು, ಪಡಸಾಲೆ, ಅಡುಗೆಮನೆ. ಏಳನೆಯ ತರಗತಿಯ ಒಬ್ಬ ಹುಡುಗಿ ಮಾತ್ರ ತಿರುಗಾಮುರುಗಾ ಬರೆದಿದ್ದಳು. ಅವಳ ಬರಹ ಒಲೆಯಿಂದ ತೊಡಗಿತ್ತು. ಒಲೆಯ ಬೂದಿ, ಪಕ್ಕದ ನೀರಿನ ಕೊಡ, ಮೇಲಿನ ಬೆಳಕಿಂಡಿ, ಮಲಗಿದ ತಮ್ಮಂದಿರು, ಎಮ್ಮೆ ಕಟ್ಟಿದ ಜಾಗ, ಕಡೆಗೆ ಬಾಗಿಲು, ಬಾಗಿಲಾಚೆ ಬೋರಿನ ಪಂಪು. ಕೆಂಪು ಶಾಯಿಯಲ್ಲಿ ‘ಕ್ರಮ ತಪ್ಪು’ ಎಂದು ಬರೆದು ಹತ್ತಕ್ಕೆ ನಾಲ್ಕು ಅಂಕ ಕೊಟ್ಟೆ. ಇಡೀ ತರಗತಿಯ ಮುಂದೆ ಅದನ್ನು ಓದಿಯೂ ಹೇಳಿದೆ.

ಹಾಗೇಕೆ ಬರೆದೆ ಎಂದು ಕೇಳಿದಾಗ ತಲೆ ತಗ್ಗಿಸಿ ಅವಳೆಂದಳು: “ನಾನು ಎದ್ದ ಕೂಡ್ಲೆ ಮೊದ್ಲು ನೋಡಾದು ಒಲೀನೇ ಸಾರ್. ಬಾಗ್ಲ ಆಮ್ಯಾಲೆ ತಗೀತೀನಿ.”

ತಾಯಿ ಕೂಲಿಗೆ ಹೋಗುವಷ್ಟರಲ್ಲಿ ಕತ್ತಲಲ್ಲೇ ಎದ್ದು ಒಲೆ ಹಚ್ಚುವ ಹುಡುಗಿ ಅವಳು. ಅವಳ ಬರಹದಲ್ಲಿ ಕ್ರಮ ತಪ್ಪಿರಲಿಲ್ಲ. ಒಳಗಿನಿಂದ ಹೊರಕ್ಕೆ, ಒಂದು ಹೆಜ್ಜೆಯೂ ಜಿಗಿಯದೆ, ಪ್ರತಿದಿನ ತಾನು ನಡೆಯುವ ದಾರಿಯನ್ನೇ ಬರೆದಿದ್ದಳು. ನಾನು ಕೇಳಿದ್ದು ಮನೆಗೆ ಬರುವ ಅತಿಥಿಯ ಕ್ರಮ. ಅವಳು ಕೊಟ್ಟಿದ್ದು ಮನೆಯನ್ನು ನಡೆಸುವವಳ ಕ್ರಮ. ಅಂದೇ ನಾಲ್ಕನ್ನು ಹೊಡೆದು ಒಂಬತ್ತು ಮಾಡಿದೆ. ಆದರೆ ನಲವತ್ತು ಮಕ್ಕಳು ಕೇಳಿದ್ದು ನಾಲ್ಕನ್ನು. ಮುಂದಿನ ಜೂನ್‌ನಲ್ಲಿ ಅವಳು ಶಾಲೆಗೆ ಬರಲಿಲ್ಲ; ಮಳೆ ಹೋದ ವರ್ಷ, ಮನೆಯವರೆಲ್ಲ ಗುಳೆ ಹೋಗಿದ್ದರು. ಹೆಸರು ಹಾಜರಿ ಪುಸ್ತಕದಲ್ಲಿ ಕೆಲವು ತಿಂಗಳು ಇತ್ತು. ಶಾಲೆ ಬಿಟ್ಟದ್ದಕ್ಕೆ ನನ್ನ ಕೆಂಪು ಶಾಯಿ ಕಾರಣವಲ್ಲ, ಬಲ್ಲೆ. ಆದರೂ ಅವಳು ಶಾಲೆಯಿಂದ ಕೊಂಡೊಯ್ದ ಕಡೆಯ ಮಾತುಗಳಲ್ಲಿ ಅದೂ ಒಂದೆಂಬುದು ನನ್ನನ್ನು ಬಿಟ್ಟಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯವನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಮೊದಲನೆಯದು, ವರ್ಣನೆಗೆ ಸ್ಥಳಕ್ರಮವನ್ನು ಕಲಿಸಲೇಬೇಕು. ಕ್ರಮ ಹೇಳಿಕೊಟ್ಟರೆ ಕಲ್ಪನೆ ಬತ್ತುತ್ತದೆ ಎಂಬ ಗೆಳೆಯರ ವಾದವನ್ನು ನಾನು ಒಪ್ಪುವುದಿಲ್ಲ. ಕಲ್ಪನೆಯನ್ನು ಬತ್ತಿಸುವುದು ಬಾಯಿಪಾಠ. ಮೆಟ್ಟಿಲಿನಿಂದ ತೊಡಗಿ ಒಂದೊಂದೇ ಹೆಜ್ಜೆ ಇಡಬೇಕೆಂದಾಗ ಮಗು ಮುಂದಿನ ಹೆಜ್ಜೆಯಲ್ಲಿ ಏನಿದೆಯೆಂದು ನೋಡಲೇಬೇಕಾಗುತ್ತದೆ. ಇಲ್ಲದ ಹೊಳೆಗೆ ಅಲ್ಲಿ ಜಾಗ ಸಿಗುವುದಿಲ್ಲ. ಎರಡನೆಯದು, ಯಾವ ಕ್ರಮವೆಂಬುದನ್ನು ಗುರು ಆಜ್ಞಾಪಿಸಕೂಡದು. ಊರಿನ ವರ್ಣನೆ ಗುಡಿಯಿಂದಲೇ ತೊಡಗಬೇಕೆಂದು ನಾವು ಹೇಳಿದೊಡನೆ, ಊರಾಚೆಯ ಕೇರಿಯ ಮಗುವಿಗೆ ‘ನಿನ್ನ ಮನೆ ಕಡೆಯ ವಾಕ್ಯದಲ್ಲಿ ಬರಲಿ’ ಎಂದು ಹೇಳಿದಂತೆಯೇ. ಅವನ ಊರು ಅವನ ಹೊಸ್ತಿಲಿನಿಂದ ತೊಡಗಲಿ. ನಾವು ಕೇಳಬೇಕಾದುದು ಇಷ್ಟೇ: ಎಲ್ಲಿ ನಿಂತಿದ್ದೀಯೆ? ಅಲ್ಲಿಂದ ಯಾವ ಕಡೆ ಹೊರಟೆ? ದಾರಿಯಲ್ಲಿ ಎಲ್ಲಿಯೂ ಹಾರಲಿಲ್ಲ ತಾನೆ?

ಗೈಡುಗಳ ಕಾಲ ಮುಗಿಯುತ್ತ ಬಂತು. ಈಗ ಮೊಬೈಲಿಗೆ ಒಂದು ಮಾತು ಹೇಳಿದರೆ ‘ನಮ್ಮ ಊರು’ ಪ್ರಬಂಧ ಕ್ಷಣದಲ್ಲಿ ಸಿದ್ಧ. ಮೊನ್ನೆ ನನ್ನ ಮೊಮ್ಮಗನೇ ತೆಗೆದು ತೋರಿಸಿದ. ತಪ್ಪಿಲ್ಲದ ಕನ್ನಡ, ಒಪ್ಪವಾದ ಸಾಲು. ಅದರಲ್ಲಿಯೂ ಊರ ಮುಂದೆ ಹೊಳೆಯೊಂದು ಹರಿಯುತ್ತಿತ್ತು! ಅವನಿಗೆ ಬೈಯಲಿಲ್ಲ. ಕೈಗೆ ಒಂದು ಹಾಳೆ, ಪೆನ್ಸಿಲು ಕೊಟ್ಟು ಮಾಳಿಗೆ ಹತ್ತಿಸಿದೆ. “ಮೂಡಣಕ್ಕೆ ಮುಖ ಮಾಡಿ ನಿಲ್ಲು. ಮೊದಲು ಏನು ಕಾಣುತ್ತದೆ ಬರೆ” ಎಂದೆ. ತುಸು ಹೊತ್ತು ಗೊಣಗಿದ. ಆಮೇಲೆ ಕೂಗಿ ಕೇಳಿದ: “ತಾತಾ, ಆ ಹುಣಸೆ ಮರದ ಆಚೆ ಇರೋದು ಯಾರ ಮನೆ?”

ಐದು ವರ್ಷದಿಂದ ಅದೇ ಓಣಿಯಲ್ಲಿ ಆಡುತ್ತಿರುವ ಹುಡುಗ. ಆ ಮನೆಯನ್ನು ಅವನು ಅಂದೇ ಮೊದಲ ಬಾರಿಗೆ ನೋಡಿದ್ದ.