ತಿಕ್ಕುವ ಮುಂಚೆ ತೂಗಿ ನೋಡಿ

ಮಕ್ಕಳೇ, ಕಿಲುಬು ಹಿಡಿದ ತಾಮ್ರದ ಚೆಂಬನ್ನು ನಿಮ್ಮ ಮನೆಯಲ್ಲಿ ಹೇಗೆ ಬೆಳಗುತ್ತಾರೆ? ಹುಣಸೆಹಣ್ಣಿಗೆ ಸ್ವಲ್ಪ ಉಪ್ಪು ಸೇರಿಸಿ ನಾಲ್ಕು ಸಲ ತಿಕ್ಕಿದರೆ ಸಾಕು, ಚೆಂಬು ಫಳಫಳ ಹೊಳೆಯುತ್ತದೆ. ಚೆಂಬಿಗೆ ಇದು ಸರಿ. ಹಳೆಯ ತಾಮ್ರದ ನಾಣ್ಯಕ್ಕೆ ಮಾತ್ರ ಈ ಉಪಚಾರ ಮಾಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಶಾಲಾ ವಸ್ತುಪ್ರದರ್ಶನಗಳಲ್ಲಿ ಹೀಗೆ ಬೆಳಗಿದ ನಾಣ್ಯಗಳನ್ನು ನೋಡುತ್ತಿರುತ್ತೇನೆ. ಪಕ್ಕದಲ್ಲಿ ‘ಪುರಾತನ ನಾಣ್ಯ’ ಎಂಬ ಚೀಟಿ ಇರುತ್ತದೆ. ಯಾವ ದೇಶದ್ದು, ತೂಕ ಎಷ್ಟು ಎಂದು ಕೇಳಿದರೆ, “ಸವೆದುಹೋಗಿದೆ ಸಾರ್, ಏನೂ ಕಾಣುವುದಿಲ್ಲ” ಎಂಬ ಉತ್ತರ ಬರುತ್ತದೆ. ಹೊಳಪು ನೋಡಿ ಬಹುಮಾನ ಕೊಡುವ ನಮ್ಮಂಥ ಹಿರಿಯರದೂ ಇದರಲ್ಲಿ ಪಾಲಿದೆ ಅನ್ನಿ. ಆದರೆ ಚಿತ್ರ ಸವೆದ ಮಾತ್ರಕ್ಕೆ ನಾಣ್ಯದ ಗುರುತೆಲ್ಲ ಅಳಿಸಿಹೋಗುವುದಿಲ್ಲ.

ಇಂಗ್ಲೆಂಡಿನ ಒಂದು ನಾಣ್ಯವನ್ನೇ ತೆಗೆದುಕೊಳ್ಳೋಣ. ಉಗಿಯಂತ್ರದ ಜೇಮ್ಸ್ ವಾಟ್ ನಿಮಗೆ ಗೊತ್ತು. ಅವನ ಪಾಲುದಾರ ಮ್ಯಾಥ್ಯೂ ಬೌಲ್ಟನ್. ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೋ ಎಂಬಲ್ಲಿ ಬೌಲ್ಟನ್ ಉಗಿಯಂತ್ರದಿಂದಲೇ ನಾಣ್ಯ ಅಚ್ಚು ಹಾಕುವ ಟಂಕಸಾಲೆ ಕಟ್ಟಿದ್ದ. ಅಲ್ಲಿ ತಯಾರಾದ, 1797 ಎಂಬ ಇಸವಿ ಹೊತ್ತ ಒಂದು ಪೆನ್ನಿ ನಾಣ್ಯ ಎಷ್ಟು ದಪ್ಪವಾಗಿತ್ತೆಂದರೆ ಜನ ಅದನ್ನು ‘ಗಾಡಿ ಚಕ್ರ’ ಎಂದೇ ಕರೆದರು. ಒಂದು ಬದಿಯಲ್ಲಿ ದೊರೆ ಮೂರನೆಯ ಜಾರ್ಜ್‌ನ ಮುಖ. ಇನ್ನೊಂದು ಬದಿಯಲ್ಲಿ ತ್ರಿಶೂಲ ಹಿಡಿದು ಕುಳಿತ ಬ್ರಿಟಾನಿಯಾ. ನಮಗೆ ಭಾರತಮಾತೆ ಇದ್ದಂತೆ ಅವರಿಗೆ ಆಕೆ.

ಈ ನಾಣ್ಯದ ಅಂಚು ಅಗಲವಾದ ಉಬ್ಬುಪಟ್ಟಿ. ಅಕ್ಷರಗಳು ಉಬ್ಬಿಲ್ಲ, ಆ ಪಟ್ಟಿಯೊಳಗೆ ತಗ್ಗಾಗಿ ಕೊರೆದಂತಿವೆ. ಕೈಯಿಂದ ಕೈಗೆ ದಾಟುವಾಗ ಮೊದಲು ಸವೆಯುವುದು ಉಬ್ಬಿದ ಭಾಗ ತಾನೆ? ದೊರೆಯ ಕೆನ್ನೆ ನುಣ್ಣಗಾದ ಮೇಲೂ ತಗ್ಗಿನ ಅಕ್ಷರ ಅಷ್ಟಿಷ್ಟು ಉಳಿದಿರುತ್ತದೆ. ಅಗಲವಾದ ಅಂಚು, ಅದರಲ್ಲಿ ತಗ್ಗಿನ ಅಕ್ಷರ, ಇವೆರಡೇ ಕಂಡರೂ ಅರ್ಧ ಉತ್ತರ ಸಿಕ್ಕಂತೆ.

ಉಳಿದರ್ಧಕ್ಕೆ ಅಳತೆ ಬೇಕು. ನಾಣ್ಯವನ್ನು ಎರಡು ಬೆಂಕಿಪೆಟ್ಟಿಗೆಗಳ ನಡುವೆ ಇಟ್ಟು ಸ್ಕೇಲಿನಿಂದ ವ್ಯಾಸ ಅಳೆಯಿರಿ. ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ. 1797ರ ಪೆನ್ನಿಯ ವ್ಯಾಸ 36 ಮಿಲಿಮೀಟರ್, ತೂಕ ಸರಿಯಾಗಿ ಒಂದು ಔನ್ಸ್, ಅಂದರೆ 28.35 ಗ್ರಾಂ. ಅಂಗಡಿಯವರು ಇದನ್ನು ತೂಕದ ಬೊಟ್ಟಿನಂತೆಯೂ ಬಳಸಬಹುದಿತ್ತು! ಆಮೇಲೆ ತಾಮ್ರದ ಬೆಲೆ ಏರಿತು, ನಾಣ್ಯ ಕರಗಿಸಿದರೇ ಲಾಭ ಎನ್ನುವಂತಾಯಿತು. ಹಾಗಾಗಿ 1806ರ ಪೆನ್ನಿಯನ್ನು ಹಗುರ ಮಾಡಿದರು: 34 ಮಿಲಿಮೀಟರ್, ಸುಮಾರು 18.9 ಗ್ರಾಂ. 1860ರಲ್ಲಿ ತಾಮ್ರದ ಬದಲು ಕಂಚು ಬಂತು. ಆಗ ಸುಮಾರು 31 ಮಿಲಿಮೀಟರ್, 9.4 ಗ್ರಾಂ. ಸವೆದು ಎರಡು ಗ್ರಾಂ ಕಡಿಮೆಯಾಗಿದ್ದರೂ ಈ ಮೂರು ಪೆನ್ನಿಗಳು ಒಂದಕ್ಕೊಂದು ಅದಲುಬದಲಾಗುವುದಿಲ್ಲ, ನೋಡಿ.

ಈಗ ಹುಣಸೆಹಣ್ಣಿನ ವಿಷಯಕ್ಕೆ ಬರೋಣ. ಅದರಲ್ಲಿ ಟಾರ್ಟಾರಿಕ್ ಆಮ್ಲವಿದೆ. ತಾಮ್ರದ ಮೇಲಿನ ಕಂದು ಆಕ್ಸೈಡನ್ನೂ ಹಸಿರು ಕಾರ್ಬೊನೇಟನ್ನೂ ಅದು ಕರಗಿಸುತ್ತದೆ. ಆ ಪದರ ಹೊರಗಿನಿಂದ ಬಂದು ಅಂಟಿದ ಕೊಳೆಯಲ್ಲ. ನಾಣ್ಯದ ಮೇಲ್ಮೈಯ ತಾಮ್ರವೇ ಗಾಳಿ, ತೇವಗಳೊಡನೆ ಸೇರಿ ಹಾಗಾಗಿರುತ್ತದೆ. ಮಾಸಿದ ಅಕ್ಷರದ ಅಂಚು ಕೆಲವೊಮ್ಮೆ ಆ ಪದರದಲ್ಲಷ್ಟೇ ಉಳಿದಿರುತ್ತದೆ. ಪದರ ಹೋದರೆ ಅಕ್ಷರವೂ ಹೋಯಿತು, ಮತ್ತೆ ಬರೆಯಲು ಯಾರಿಂದಲೂ ಆಗದು. ಇನ್ನು ಬೂದಿ, ಮರಳು ಹಾಕಿ ಉಜ್ಜಿದರಂತೂ ಕೇಳುವುದೇ ಬೇಡ.

ತಿಕ್ಕದೆ ಓದುವುದು ಹೇಗೆ? ಕತ್ತಲೆ ಕೋಣೆಯಲ್ಲಿ ನಾಣ್ಯವನ್ನು ಮೇಜಿನ ಮೇಲಿಟ್ಟು ಟಾರ್ಚ್ ಬೆಳಕನ್ನು ಪಕ್ಕದಿಂದ, ತೀರ ಓರೆಯಾಗಿ ಬಿಡಿ. ಸಂಜೆ ಬಿಸಿಲಿನಲ್ಲಿ ಸಣ್ಣ ಕಲ್ಲಿಗೂ ಉದ್ದ ನೆರಳು ಬೀಳುವ ಹಾಗೆ, ಕೂದಲೆಳೆಯಷ್ಟು ಉಬ್ಬಿಗೂ ನೆರಳು ಬಿದ್ದು ಗೆರೆಗಳು ಮೂಡುತ್ತವೆ. ಟಾರ್ಚನ್ನು ಸುತ್ತಲೂ ನಿಧಾನವಾಗಿ ತಿರುಗಿಸುತ್ತ ಭೂತಕನ್ನಡಿಯಲ್ಲಿ ನೋಡಿ. ತೆಳು ಕಾಗದ ಹೊದಿಸಿ ಮೆತ್ತನೆಯ ಪೆನ್ಸಿಲ್ಲಿನಿಂದ ಹಗುರವಾಗಿ ಅಚ್ಚು ತೆಗೆಯಲೂಬಹುದು. ಮಣ್ಣು ಮೆತ್ತಿದ್ದರೆ ಬರೀ ನೀರಿನಲ್ಲಿ ನೆನೆಸಿಡಿ. ಹಸಿರು ಕಿಲುಬು ವಿಷ. ಮುಟ್ಟಿದ ಕೈ ತೊಳೆದುಕೊಳ್ಳದೆ ಊಟಕ್ಕೆ ಕೂರಬೇಡಿ.

ದೂರದ ಇಂಗ್ಲೆಂಡಿನ ನಾಣ್ಯ ನಮಗೇಕೆ ಎನ್ನುವಿರಾ? ಅದೇ ಸೋಹೋ ಟಂಕಸಾಲೆ ಈಸ್ಟ್ ಇಂಡಿಯಾ ಕಂಪನಿಗಾಗಿ 1803 ಮತ್ತು 1808ರ ಇಸವಿ ಹೊತ್ತ ಇಪ್ಪತ್ತು ಕಾಸಿನ ತಾಮ್ರದ ನಾಣ್ಯಗಳನ್ನು ಅಚ್ಚು ಹಾಕಿತ್ತು. ಅವು ಮದ್ರಾಸ್ ಪ್ರಾಂತ್ಯಕ್ಕೆಂದೇ ತಯಾರಾದವು. ಆಗ ಬಳ್ಳಾರಿ, ಮಂಗಳೂರು ಸೀಮೆಗಳು ಅದೇ ಪ್ರಾಂತ್ಯದಲ್ಲಿದ್ದವು. ಒಂದು ಬದಿಯಲ್ಲಿ ಕಂಪನಿಯ ಲಾಂಛನ, ಇನ್ನೊಂದು ಬದಿಯಲ್ಲಿ ಪರ್ಷಿಯನ್ ಬರಹ. ಅಂಥದ್ದು ನಿಮ್ಮ ಕೈಗೆ ಬಂದರೆ ವ್ಯಾಸ, ತೂಕ ಬರೆದುಕೊಂಡು, ಎರಡೂ ಬದಿಯ ಪೆನ್ಸಿಲ್ ಅಚ್ಚನ್ನು ನೋಟ್‌ಬುಕ್ಕಿಗೆ ಅಂಟಿಸಿ ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.