ಕೋಶದ್ರವ್ಯದ ಹನಿಗಳು: ಒಂದು ಪದವಿಚಾರ

ಶಾಸ್ತ್ರವೊಂದು ಒಂದು ಭಾಷೆಯಲ್ಲಿ ಬೇರೂರಬೇಕಾದರೆ ಅದಕ್ಕೆ ತಕ್ಕ ಹೆಸರು ದೊರೆಯಬೇಕು. ಹೆಸರು ದಾರಿತಪ್ಪಿದರೆ ಅರ್ಥವೂ ದಾರಿತಪ್ಪುತ್ತದೆ. ಜೀವಕೋಶವನ್ನು ಕುರಿತ ‘ಫೇಸ್ ಸೆಪರೇಷನ್’ ಎಂಬ ವಿಚಾರವು ಇದಕ್ಕೆ ನಿದರ್ಶನ.

ಕೋಶವೆಂಬುದು ಪೊರೆಗಳಿಂದ ವಿಂಗಡಿಸಿದ ಕೋಣೆಗಳುಳ್ಳ ಮನೆಯೆಂದು ನಮ್ಮ ಬಾಲಕರು ಓದುತ್ತಾರೆ. ಇದು ಸುಳ್ಳಲ್ಲ, ಅಪೂರ್ಣ. ಕೋಶಕೇಂದ್ರದೊಳಗಿನ ನ್ಯೂಕ್ಲಿಯೋಲಸ್ಸಿಗೆ ಪೊರೆಯೇ ಇಲ್ಲ. ಆದರೂ ಅದು ಚದುರಿಹೋಗದು. ಜೀವರಸವು ಹನಿಗಳಿಂದ ತುಂಬಿದ ದ್ರವಮಿಶ್ರಣವೆಂದು ಅಮೆರಿಕದ ಎಡ್ಮಂಡ್ ವಿಲ್ಸನ್ 1899ರಷ್ಟು ಹಿಂದೆಯೇ ಬರೆದಿದ್ದನು. 2009ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಕ್ಲಿಫರ್ಡ್ ಬ್ರಾಂಗ್‌ವಿನ್, ಆಂಥೊನಿ ಹೈಮನ್ ಮತ್ತು ಸಂಗಡಿಗರು, ಬೆಳೆದಾಗ ಸುಮಾರು 1 ಮಿಲಿಮೀಟರ್ ಉದ್ದವಿರುವ ಹುಳುವೊಂದರ ಭ್ರೂಣವನ್ನು ಪರೀಕ್ಷಿಸಿದರು. ಅದರ ಕೋಶದ್ರವ್ಯದ ‘ಪಿ-ಕಣ’ಗಳು ಗಟ್ಟಿ ಕಾಳುಗಳಲ್ಲ, ದ್ರವದ ಹನಿಗಳೆಂದು ಕಂಡುಬಂದಿತು. ಅವು ತಾಗಿದರೆ ಕೂಡಿ ಒಂದಾಗುತ್ತವೆ, ಹರಿದು ತೊಟ್ಟಿಕ್ಕುತ್ತವೆ, ಒಂದೆಡೆ ಕರಗಿ ಇನ್ನೊಂದೆಡೆ ಕಟ್ಟಿಕೊಳ್ಳುತ್ತವೆ. ಸಾರಿನ ಮೇಲೆ ಎಣ್ಣೆಯ ಹನಿಗಳನ್ನು ಕಂಡವರಿಗೆ ಇದು ತೀರ ಅಪರಿಚಿತವಲ್ಲ. ಪ್ರೋಟೀನು, ಆರ್‌ಎನ್‌ಎ ಮೊದಲಾದ ಅಣುಗಳು ಪರಸ್ಪರ ಹಲವು ಕಡೆ ಸಡಿಲವಾಗಿ ಹಿಡಿದುಕೊಳ್ಳುತ್ತವೆ. ಅವುಗಳ ಸಾಂದ್ರತೆಯು ಒಂದು ಮಿತಿಯನ್ನು ಮೀರಿದಾಗ ಹನಿಯು ಬೇರ್ಪಡುತ್ತದೆ. ಕೋಶದಲ್ಲಿ ಕಾಣುವ ಅಣುಗಳ ಗುಂಪುಗಳೆಲ್ಲವೂ ಹೀಗೆಯೇ ಆದವೆಂದು ವಿಜ್ಞಾನಿಗಳೆಲ್ಲರೂ ಒಪ್ಪಿಲ್ಲವೆಂಬುದನ್ನೂ ಹೇಳಬೇಕು.

ಇನ್ನು ಹೆಸರಿನ ಮಾತು. ನಿಘಂಟಿನಲ್ಲಿ ‘ಫೇಸ್’ ಶಬ್ದಕ್ಕೆ ‘ಹಂತ’ವೆಂಬ ಅರ್ಥವನ್ನು ಕಂಡು ‘ಹಂತ ಬೇರ್ಪಡೆ’ ಎಂದು ಬರೆದರೆ ಅನರ್ಥವೇ ಸರಿ. ಹಂತವು ಕಾಲಕ್ಕೆ ಸೇರಿದ್ದು. ಇಲ್ಲಿರುವುದಾದರೋ ಏಕಕಾಲದಲ್ಲಿ ಅಕ್ಕಪಕ್ಕದಲ್ಲಿರುವ ದ್ರವ್ಯದ ಎರಡು ಸ್ಥಿತಿಗಳು. ‘ಪ್ರಾವಸ್ಥೆ’ ಎಂಬುದು ಶಾಸ್ತ್ರಶುದ್ಧವಾದರೂ ಬಾಲಕನ ಕಿವಿಗೆ ಮೂಕಪದ. ‘ಹನಿಗಟ್ಟುವಿಕೆ’ ಎಂದರೆ ಸಾಲದೇಕೆ? ಆವಿಯೂ ಹನಿಗಟ್ಟುತ್ತದಲ್ಲವೇ ಎಂದು ಆಕ್ಷೇಪಿಸಬಹುದು. ವಿಜ್ಞಾನಿಗಳೇ ಈ ಹನಿಗಳನ್ನು ‘ಕಂಡೆನ್ಸೇಟ್’ ಎನ್ನುತ್ತಾರೆ. ಆವಿ ಹನಿಗಟ್ಟುವುದಕ್ಕೂ ಅವರು ಬಳಸುವುದು ಅದೇ ಧಾತುವಿನ ಶಬ್ದವನ್ನೇ.

ಇದು ಕೇವಲ ಪಂಡಿತರ ಪದಚರ್ಚೆಯಲ್ಲ. ಎಫ್‌ಯುಎಸ್ ಎಂಬ ಪ್ರೋಟೀನಿನ ಹನಿಗಳು ಕಾಲಕ್ರಮೇಣ ಗಟ್ಟಿಯಾಗುವುದನ್ನೂ, ಎಎಲ್‌ಎಸ್ ಎಂಬ ನರರೋಗಕ್ಕೆ ಸಂಬಂಧಿಸಿದ ಮಾರ್ಪಾಟು ಅದನ್ನು ತ್ವರೆಗೊಳಿಸುವುದನ್ನೂ 2015ರಲ್ಲಿ ಪ್ರಯೋಗಶಾಲೆಯಲ್ಲಿ ಕಂಡರು. ‘ಹನಿ ಹೆಪ್ಪುಗಟ್ಟಿತು’ ಎಂದರೆ ಹಳ್ಳಿಯ ಹುಡುಗನಿಗೂ ಇದು ತಿಳಿಯುತ್ತದೆ. ‘ಹಂತ’ವೆಂದರೆ ಉಪಾಧ್ಯಾಯರಿಗೂ ತಿಳಿಯದು. ಪಠ್ಯಪುಸ್ತಕಗಳನ್ನು ರಚಿಸುವ ವಿಜ್ಞಾನಿಗಳೂ ಭಾಷಾವಿದರೂ ಜೊತೆಗೆ ಕುಳಿತು, ವಸ್ತುವನ್ನು ಕಂಡು ಹೆಸರಿಡಲಿ. ನಿಘಂಟನ್ನು ಮಾತ್ರ ಕಂಡು ಹೆಸರಿಡದಿರಲಿ.